ಮುಯ್ಯಿಗೊಂದು ಮಹಡಿ

ಟೇಕಲ್ಲಿನ ಕದಿರಮ್ಮನಿಗೆ ಮನೆಯ ಮೇಲೊಂದು ಮಹಡಿ ಬೇಕಾಗಿತ್ತು. ಅದರಲ್ಲಿ ಇರುವುದಕ್ಕಲ್ಲ, ಕೆಳಗಿನ ಮನೆಯೇ ನಾಲ್ಕು ಜನಕ್ಕೆ ಧಾರಾಳವಾಗಿತ್ತು. ಬಾಡಿಗೆಗೆ ಕೊಡುವುದಕ್ಕೂ ಅಲ್ಲ, ಬಾಡಿಗೆ ದುಡ್ಡು ಬಂದರೆ ಹಿಂದಕ್ಕೆ ಕಳಿಸುವ ಹೆಂಗಸೇನೂ ಆಕೆ ಅಲ್ಲ ಅನ್ನಿ. ಮಹಡಿ ಎದ್ದರೆ ಗೃಹಪ್ರವೇಶ ಮಾಡಬಹುದು. ಗೃಹಪ್ರವೇಶ ಮಾಡಿದರೆ ಜನ ಬರುತ್ತಾರೆ. ಜನ ಬಂದರೆ ಮುಯ್ಯಿ ಬರುತ್ತದೆ. ವಿಷಯ ಇಷ್ಟೇ.

ಮುಯ್ಯಿಯ ಸಂಗತಿ ಗೊತ್ತಿಲ್ಲದವರಿಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮದುವೆಯೋ ನಾಮಕರಣವೋ ಗೃಹಪ್ರವೇಶವೋ, ಕಾರ್ಯದ ಮನೆಯಲ್ಲಿ ಒಬ್ಬ ಮೇಜು ಹಾಕಿಕೊಂಡು ಉದ್ದನೆಯ ಪುಸ್ತಕ ತೆರೆದು ಕೂತಿರುತ್ತಾನೆ. ಬಂದವರು ದುಡ್ಡು ಕೊಡುತ್ತಾರೆ, ಅವನು ಹೆಸರು ಬರೆದುಕೊಳ್ಳುತ್ತಾನೆ, ಪಕ್ಕದವನು ಮೈಕಿನಲ್ಲಿ ಇಂಥವರು ಇಷ್ಟು ಎಂದು ಓದುತ್ತಾನೆ. ನಾಳೆ ನಮ್ಮ ಮನೆಯಲ್ಲಿ ಕಾರ್ಯವಾದಾಗ ಅವರು ಪುಸ್ತಕ ನೋಡಿ, ನಾವು ಹಾಕಿದ್ದಕ್ಕೆ ಇನ್ನಷ್ಟು ಸೇರಿಸಿ ತಂದು ಹಾಕಬೇಕು. ನಾಡಿದ್ದು ಅವರಲ್ಲಿ ಇನ್ನೊಂದು ಕಾರ್ಯವಾದರೆ ನಾವು ಅದಕ್ಕೆ ಮತ್ತಷ್ಟು ಸೇರಿಸಬೇಕು. ಇದರಲ್ಲಿ ಗೆದ್ದವರನ್ನು ಯಾರೂ ಕಂಡಿಲ್ಲ, ಬಿಟ್ಟವರನ್ನೂ ಕಂಡಿಲ್ಲ.

ಹನ್ನೊಂದು ವರ್ಷದ ಹಿಂದೆ ಮಗ ಮುನೇಶನ ಮದುವೆ ಆದ ಮೇಲೆ ಕದಿರಮ್ಮನ ಮನೆಯಲ್ಲಿ ಹೇಳಿಕೊಳ್ಳುವಂಥ ಕಾರ್ಯವೇ ಆಗಿರಲಿಲ್ಲ. ಮೊಮ್ಮಗಳು ಹುಟ್ಟಿದ ವರ್ಷ ಯಜಮಾನ ವೆಂಕಟರಮಣಪ್ಪ ತೀರಿಕೊಂಡಿದ್ದರಿಂದ ನಾಮಕರಣವೂ ಮನೆಮಟ್ಟಿಗೆ ಮುಗಿದುಹೋಯಿತು. ಆದರೆ ಮಾಸ್ತಿ, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿಂದ ಪತ್ರಿಕೆ ಬಂದರೂ ಕದಿರಮ್ಮ ಹೋಗಿ ಮುಯ್ಯಿ ಓದಿಸಿ ಬರುತ್ತಿದ್ದಳು. ಆಕೆಗೆ ಓದು ಬರಹ ಬಾರದು. ಹಾಗಿದ್ದೂ ಮನೆಯ ಕೆಂಪು ರಟ್ಟಿನ ಪುಸ್ತಕದಲ್ಲಿ ಯಾವ ಪುಟದಲ್ಲಿ ಯಾರಿದ್ದಾರೆ ಎಂಬುದು ಬಾಯಿಪಾಠವಾಗಿತ್ತು.

"ಅಷ್ಟೂ ದುಡ್ಡು ಊರೋರ ಮನೇಲಿ ಕೂತೈತೆ," ಎನ್ನುತ್ತಿದ್ದಳು. "ಕೂಗಿ ಕರೆದ್ರೆ ಬರುತ್ತೆ. ಕರೆಯೋಕೊಂದು ಕಾರ್ಯ ಬೇಕಲ್ಲ."

ಕರೆಯುವ ಖರ್ಚು ಸೊಸೆ ಶ್ರೀವಾಣಿಯ ತಲೆಯ ಮೇಲಿತ್ತು.

ಶ್ರೀವಾಣಿ ಮಾಲೂರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರುಗಳಿಗೆ ವೈರಿಂಗ್ ಮಾಡುವ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಳು. ದೊಡ್ಡ ಹಲಗೆಯ ಮೇಲೆ ಬಣ್ಣಬಣ್ಣದ ವೈರುಗಳನ್ನು ಹಾಸಿ, ಗಂಟು ಬಿಡದಂತೆ ಕರಿ ಟೇಪು ಸುತ್ತುವುದು. ಅವಳು ಸುತ್ತಿದ್ದನ್ನು ಬಿಚ್ಚಿ ನೋಡುವ ಪ್ರಮೇಯವೇ ಬರುತ್ತಿರಲಿಲ್ಲ. ಅಷ್ಟು ಚೊಕ್ಕ ಕೈ. ಆ ಚೊಕ್ಕ ಕೈಯ ದೆಸೆಯಿಂದಲೇ ಅವಳಿಗೆ ವಾರಕ್ಕೆ ಮೂರು ದಿನ ಪಾಳಿ ಮುಗಿದ ಮೇಲೂ ಓಟಿ ಕೆಲಸ, ತಿಂಗಳಿಗೆ ಎರಡು ಭಾನುವಾರ ಡ್ಯೂಟಿ. ಬೆಳಿಗ್ಗೆ ಏಳೂಕಾಲಿಗೆ ಬಸ್ಸು ಹತ್ತಿದರೆ ಓಟಿಯ ದಿನ ಮನೆ ಮುಟ್ಟುವುದು ಎಂಟೂವರೆಗೆ. ನಿದ್ದೆಯಲ್ಲೂ ಬೆರಳು ನಿಲ್ಲುತ್ತಿರಲಿಲ್ಲ. ಹೊದ್ದ ಕಂಬಳಿಯ ಅಂಚನ್ನೇ ಸುತ್ತುತ್ತಿರುತ್ತಿದ್ದಳು. ಮುನೇಶ ಒಂದೆರಡು ಸಲ ಆ ಕೈ ಹಿಡಿದು ನಿಲ್ಲಿಸಿ ನೋಡಿದ. ಬಿಟ್ಟ ತಕ್ಷಣ ಮತ್ತೆ ಶುರು.

ಮುನೇಶ ಕೆಟ್ಟವನಲ್ಲ. ಸ್ವಂತದ್ದೊಂದು ಪಿಕಪ್ ಗಾಡಿ ಇಟ್ಟುಕೊಂಡು ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಮಾರ್ಕೆಟ್ಟಿಗೆ ಟೊಮೇಟೊ ಹೊಡೆಯುತ್ತಿದ್ದ. ಅಮ್ಮನ ಎದುರು ಅಮ್ಮನ ಮಾತು ಸರಿ, ಹೆಂಡತಿಯ ಎದುರು ಹೆಂಡತಿಯ ಮಾತು ಸರಿ. ಇಬ್ಬರೂ ಎದುರಿಗಿದ್ದರೆ ಗಾಡಿಗೆ ಗಾಳಿ ಹಾಕಿಸಲು ಹೋಗಿಬಿಡುತ್ತಿದ್ದ. ಆ ಗಾಡಿಯ ಟೈರುಗಳಷ್ಟು ಗಟ್ಟಿ ಟೈರು ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ.

ಡಿಸೆಂಬರಿನಲ್ಲಿ ಮಾತು ಮುಂದಕ್ಕೆ ಬಂತು. ಫ್ಯಾಕ್ಟರಿಯ ಮ್ಯಾನೇಜರ್ ಮುರಳಿಮೋಹನ್ ಶ್ರೀವಾಣಿಯನ್ನು ಕರೆದು ಸೂಪರ್‌ವೈಸರ್ ಕೆಲಸದ ಪತ್ರ ಕೊಟ್ಟ. ಸಂಬಳ ಏಳು ಸಾವಿರ ಜಾಸ್ತಿ, ದಿನಕ್ಕೆ ಹನ್ನೆರಡು ಗಂಟೆ, ಹದಿನೈದು ದಿನಕ್ಕೊಮ್ಮೆ ರಾತ್ರಿ ಪಾಳಿ, ಮೂರು ವರ್ಷ ಬಿಡುವಂತಿಲ್ಲ. ಮುಂದಿನ ಸೋಮವಾರದೊಳಗೆ ಸಹಿ ಹಾಕಬೇಕು. ಕದಿರಮ್ಮ ಈ ಸುದ್ದಿ ಕೇಳಿದ ಮಾರನೆಯ ದಿನವೇ ಮೇಸ್ತ್ರಿ ವೆಂಕಟ್‌ಗೆ ಹೇಳಿಕಳಿಸಿದಳು. ಸೋಮವಾರ ಸಾಯಂಕಾಲ ಬಂದು ಮೆಟ್ಟಿಲಿನ ಅಳತೆ ತೆಗೆಯಬೇಕು ಅಂತ. ಮಹಡಿಗೆ ಒಂಬತ್ತು ಲಕ್ಷ ಸಾಲ ಕೊಡುವುದಕ್ಕೆ ಫೈನಾನ್ಸಿನವರು ತಯಾರಾಗಿದ್ದರು, ಸೂಪರ್‌ವೈಸರ್ ಪತ್ರ ತೋರಿಸಿದರೆ ಸಾಕು. ಮನೆ ಕದಿರಮ್ಮನ ಹೆಸರಿನಲ್ಲಿತ್ತು, ಹೆಬ್ಬೆಟ್ಟು ಒತ್ತಲು ಆಕೆ ಸಿದ್ಧಳಿದ್ದಳು.

ಶ್ರೀವಾಣಿಗೆ ಆ ಪತ್ರ ನೋಡಿದಾಗ ಸಂತೋಷವಾಗಬೇಕಿತ್ತು. ಆಗಲಿಲ್ಲ. ಸಹಿ ಹಾಕಿದರೆ ಮಹಡಿಯ ಸಾಲ ಬರುತ್ತದೆ, ಅದು ತೀರುವ ಹತ್ತು ವರ್ಷ ತಾನು ಬೆಳಕಿನಲ್ಲಿ ಮನೆ ನೋಡುವುದಿಲ್ಲ ಎಂಬುದು ಅವಳಿಗೆ ಅಲ್ಲಿಯೇ, ಮುರಳಿಮೋಹನನ ಟೇಬಲ್ಲಿನ ಮುಂದೆಯೇ ಹೊಳೆದುಹೋಯಿತು.

ಮೊದಲಿನ ಶ್ರೀವಾಣಿಯಾಗಿದ್ದರೆ ಸುಮ್ಮನೆ ಸಹಿ ಹಾಕುತ್ತಿದ್ದಳು. ಆದರೆ ಎರಡು ವರ್ಷದ ಹಿಂದೆ ಅವಳ ಮಹಿಳಾ ಸಂಘಕ್ಕೆ ಭಾರತಮ್ಮ ಬರತೊಡಗಿದ್ದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದ ಹೆಂಗಸು. ತಿಂಗಳಿಗೊಮ್ಮೆ ಶಾಲೆಯ ಜಗಲಿಯಲ್ಲಿ ಕೂತು ದುಡ್ಡಿನ ಪಾಠ ಹೇಳುತ್ತಿದ್ದರು. ಬಡ್ಡಿ ಹೇಗೆ ಬೆಳೆಯುತ್ತದೆ, ಚೀಟಿ ಕೂಗಿದಾಗ ನಿಜವಾಗಿ ಎಷ್ಟು ಕಳೆದುಕೊಳ್ಳುತ್ತೀರಿ, ಕಂತು ಎಂದರೆ ಏನು. ಅರ್ಧ ಜನ ಭಾರತಮ್ಮನವರ ಟೀಗಾಗಿ ಬರುತ್ತಿದ್ದರು. ಶ್ರೀವಾಣಿ ಪಾಠಕ್ಕೆ ಹೋಗುತ್ತಿದ್ದಳು.

"ನಿಮ್ಮ ಸಂಬಳ ಎಷ್ಟು ಅಂತ ನನಗೆ ಹೇಳ್ಬೇಡಿ," ಎಂದಿದ್ದರು ಭಾರತಮ್ಮ. "ಮನೆ ಬಿಟ್ಟಾಗಿನಿಂದ ಮನೆ ಸೇರೋವರೆಗೂ ಗಂಟೆ ಎಣಿಸಿ. ಒಂದು ಗಂಟೆಗೆ ಏನು ಬಿತ್ತು ನೋಡಿ. ಆಮೇಲೆ ಏನೇ ಕೊಂಡ್ರೂ ಅದಕ್ಕೆ ಎಷ್ಟು ರೂಪಾಯಿ ಅಂತಲ್ಲ, ಎಷ್ಟು ಗಂಟೆ ಅಂತ ಬರೀರಿ. ನೀವು ಕೊಡ್ತಿರೋದು ದುಡ್ಡಲ್ಲ ಕಣ್ರಮ್ಮ."

ಓಟಿ ಇಲ್ಲದ ದಿನಕ್ಕೆ ಆರುನೂರ ನಲವತ್ತು ರೂಪಾಯಿ, ಮನೆಯಿಂದ ಮನೆಗೆ ಹತ್ತು ಗಂಟೆ. ಶ್ರೀವಾಣಿಯ ಒಂದು ಗಂಟೆಯ ಬೆಲೆ ಅರವತ್ತನಾಲ್ಕು ರೂಪಾಯಿ. ಆವತ್ತಿನಿಂದ ಅವಳು ಹಾಗೇ ಬರೆಯುತ್ತ ಬಂದಳು. ಮೊದಮೊದಲು ತಮಾಷೆಯೆನಿಸಿತು, ಆಮೇಲೆ ಭಯವಾಯಿತು. ಭಾರತಮ್ಮ ಇನ್ನೊಂದು ಮಾತೂ ಹೇಳಿದ್ದರು: ಆರು ತಿಂಗಳ ಮನೆ ಖರ್ಚು ಕೈಯಲ್ಲಿದ್ದರೆ ತಲೆ ಎತ್ತಿ ಮಾತಾಡುವ ಧೈರ್ಯ ಬರುತ್ತದೆ, ಅದನ್ನು ಮೊದಲು ಮಾಡಿಕೊಳ್ಳಿ. ಶ್ರೀವಾಣಿ ಎರಡು ವರ್ಷದಲ್ಲಿ ಪೋಸ್ಟಾಫೀಸಿನಲ್ಲಿ ತೊಂಬತ್ತು ಸಾವಿರ ಸೇರಿಸಿದ್ದಳು. ಮುನೇಶನಿಗೆ ಗೊತ್ತಿತ್ತು. ಅತ್ತೆಗೆ ಹೇಳಿರಲಿಲ್ಲ. ಹೇಳಿದ್ದರೆ ಅದು ಅಷ್ಟು ಹೊತ್ತಿಗೆ ಯಾರದೋ ಮದುವೆಯ ಮೈಕಿನಲ್ಲಿ ಓದಿಸಿಕೊಂಡಿರುತ್ತಿತ್ತು.

ಸೋಮವಾರದ ಹಿಂದಿನ ದಿನ ದೇವರಾಯಸಮುದ್ರದಲ್ಲಿ ಕೋದಂಡರಾಮಪ್ಪನ ಮಗಳ ಮದುವೆ. ಕೋದಂಡರಾಮಪ್ಪ ಕದಿರಮ್ಮನಿಗೆ ದೊಡ್ಡಪ್ಪನ ಮಗ. ಶ್ರೀವಾಣಿ ಭಾನುವಾರದ ಡ್ಯೂಟಿಗೆ ರಜೆ ಹಾಕಿ ಅತ್ತೆಯ ಜೊತೆ ಹೋದಳು. ಧಾರೆ ಮುಗಿದ ಕೂಡಲೇ ಕದಿರಮ್ಮ ಊಟದ ಕಡೆಗೂ ನೋಡದೆ ಮುಯ್ಯಿ ಮೇಜಿಗೆ ನಡೆದಳು. ಸೆರಗಿನ ಗಂಟು ಬಿಚ್ಚಿ ಎರಡು ಸಾವಿರದ ಒಂದು ರೂಪಾಯಿ ಎಣಿಸಿಟ್ಟಳು. ಕೋದಂಡರಾಮಪ್ಪ ಮುನೇಶನ ಮದುವೆಯಲ್ಲಿ ಹಾಕಿದ್ದು ಸಾವಿರದ ಒಂದು. ಮೂವತ್ತೊಂದು ಗಂಟೆ, ಅಂದುಕೊಂಡಳು ಶ್ರೀವಾಣಿ. ಮೂರು ದಿನ ಹಲಗೆಯ ಮುಂದೆ ನಿಂತಿದ್ದು.

"ಟೇಕಲ್ ವೆಂಕಟರಮಣಪ್ಪನವರ ಧರ್ಮಪತ್ನಿ ಕದಿರಮ್ಮನವರು, ಎರಡು ಸಾವಿರದ ಒಂದು ರೂಪಾಯಿ," ಎಂದು ಮೈಕಿನವನು ಓದಿದ.

ಅದು ಓದಿ ಮುಗಿಯುವವರೆಗೂ ಕದಿರಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಿದ್ದಳು. ದೇವರ ಮುಂದೆ ಮಂಗಳಾರತಿಯ ಹೊತ್ತಿಗೆ ನಿಲ್ಲುತ್ತಾರಲ್ಲ, ಹಾಗೆ. ಶ್ರೀವಾಣಿ ಹನ್ನೊಂದು ವರ್ಷದಲ್ಲಿ ಎಷ್ಟೋ ಸಲ ಇದನ್ನು ನೋಡಿದ್ದರೂ ಮುಖ ನೋಡಿರಲಿಲ್ಲ. ಈವತ್ತು ನೋಡಿದಳು. ಮನೆಗೆ ಹೋಗಿ ಏನು ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದಳೋ ಅದೆಲ್ಲ ಸ್ವಲ್ಪ ಅಲ್ಲಾಡಿತು.

ಆದರೂ ಹೇಳಿದಳು. ಮಧ್ಯಾಹ್ನ ಮೂರರ ಹೊತ್ತಿಗೆ ಕೆಂಪು ರಟ್ಟಿನ ಪುಸ್ತಕ ಮುಂದಿಟ್ಟುಕೊಂಡು ಕೂತಳು. ಮುನೇಶ ಗಾಡಿಯ ಕೀ ಕೈಗೆತ್ತಿಕೊಂಡ.

"ಇವತ್ತು ಟೈರಿಗೆ ಏನೂ ಆಗಿಲ್ಲ, ಕೂತ್ಕೊಳ್ರಿ," ಎಂದಳು. ಅವನು ಕೂತ.

"ಅತ್ತೆ, ಮದುವೆ ಆದ್ಮೇಲೆ ನಾವು ಹೊರಗಡೆ ಹಾಕಿರೋ ಮುಯ್ಯಿ ಒಂದು ಲಕ್ಷ ನಲವತ್ಮೂರು ಸಾವಿರ. ಎಲ್ಲರೂ ಸೇರಿಸಿ ತಂದು ಹಾಕಿದ್ರೂ ಎರಡು, ಎರಡೂವರೆ ಲಕ್ಷ ಬರುತ್ತೆ. ಗೃಹಪ್ರವೇಶದ ಊಟ, ಶಾಮಿಯಾನ, ಸೀರೆ ಅಂತ ಒಂದೂವರೆ ಲಕ್ಷ ಹೋಗುತ್ತೆ. ಉಳಿಯೋದು ಒಂದು ಲಕ್ಷ. ಅದನ್ನೂ ನಾಳೆ ಅವರ ಮನೆಗಳಿಗೆ ಸೇರಿಸಿ ಹಾಕ್ಬೇಕು."

"ಮಹಡಿ ಉಳಿಯುತ್ತಲ್ಲ," ಎಂದಳು ಕದಿರಮ್ಮ.

"ಉಳಿಯುತ್ತೆ. ಅದಕ್ಕೆ ಕಂತು ತಿಂಗಳಿಗೆ ಹನ್ನೊಂದು ಸಾವಿರದ ಒಂಬೈನೂರು, ಹತ್ತು ವರ್ಷ. ನಮ್ಮೂರಲ್ಲಿ ಬಾಡಿಗೆ ಮೂರೂವರೆ ಸಾವಿರದ ಮೇಲೆ ಹುಟ್ಟಲ್ಲ. ಸೂಪರ್‌ವೈಸರ್ ಆದ್ರೆ ಸಿಗೋ ಏಳು ಸಾವಿರ ಪೂರ್ತಿ ಹಾಕಿದ್ರೂ ಸಾಲಲ್ಲ. ಆ ಕಂತು ಅಂದ್ರೆ ನನಗೆ ತಿಂಗಳಿಗೆ ನೂರ ಎಂಬತ್ತಾರು ಗಂಟೆ ಅತ್ತೆ. ಹತ್ತು ವರ್ಷ ನಾನು ಮೇಲ್ಗಡೆ ಮನೆಗೆ ದುಡೀತೀನಿ. ಯಾರಿಗೂ ಬೇಡದ ಮನೆಗೆ."

ಕದಿರಮ್ಮನಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. "ನೀಕೇಮನ್ನಾ ಪಿಚ್ಚಾ?" ಎಂದಳು. ನಿನಗೇನು ಹುಚ್ಚಾ ಅಂತ. ಆಮೇಲೆ ಕನ್ನಡಕ್ಕೆ ಬಂದಳು.

"ಲೆಕ್ಕ ಯಾರು ಕೇಳಿದ್ರೇ ನಿನ್ನ? ಇಪ್ಪತ್ತೆರಡು ವರ್ಷ ಎಲ್ಲಾರ ಬಾಗಿಲಿಗೂ ನಾನೇ ಹೋಗಿದ್ದೀನಿ. ಇವನ ಮದುವೆ ಮಾಲೂರು ಛತ್ರದಲ್ಲಾಯ್ತು, ಮನೆಗೆ ಯಾರು ಬಂದ್ರು? ಒಂದ್ಸಲ ಅವರು ನನ್ನ ಬಾಗಿಲಿಗೆ ಬರಬಾರದಾ? ನನ್ನ ಹೊಸ್ತಿಲ ಮೇಲೆ ನನ್ನ ಹೆಸರು ಓದಬಾರದಾ?"

ಈ ಮಾತಿಗೆ ಗಂಟೆಯಲ್ಲಿ ಬೆಲೆ ಕಟ್ಟುವುದು ಹೇಗೆಂದು ಭಾರತಮ್ಮ ಹೇಳಿಕೊಟ್ಟಿರಲಿಲ್ಲ. ಶ್ರೀವಾಣಿಗೆ ಅತ್ತೆಯ ಮೇಲೆ ಸಿಟ್ಟೂ ಬಂತು, ಪಾಪವೆಂದೂ ಅನ್ನಿಸಿತು. ಎರಡೂ ಒಟ್ಟಿಗೆ ಬಂದರೆ ಮನುಷ್ಯರಿಗೆ ಸುಸ್ತು ಜಾಸ್ತಿ. ಪುಸ್ತಕ ಮುಚ್ಚಿ ಎದ್ದು ಒಳಗೆ ಹೋಗಿ ಸ್ವಲ್ಪ ಅತ್ತಳು. ಮುನೇಶ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ.

"ನಿನಗೆ ಹೆಂಗನ್ಸುತ್ತೋ ಹಂಗೆ ಮಾಡು ವಾಣಿ," ಎಂದ.

"ಅಮ್ಮನ ಮುಂದೆ ಇದೇ ಮಾತು ಹೇಳ್ತೀರಾ?"

ಅವನು ತಲೆ ಕೆರೆದುಕೊಂಡ. "ಹೇಳ್ತೀನಿ," ಎಂದ ಆಮೇಲೆ. ಹೋಗಿ ಹೇಳಿಯೂ ಹೇಳಿದ. ಕದಿರಮ್ಮ ಎದ್ದು ಹಿತ್ತಲಿಗೆ ಹೋದಳು. ರಾತ್ರಿ ಊಟಕ್ಕೆ ಮುದ್ದೆ ಮಾತ್ರ ಎಂದಿನಂತೆ ಅವಳೇ ಕಟ್ಟಿ ಎಲ್ಲರಿಗೂ ಬಡಿಸಿದಳು.

ಸೋಮವಾರ ಮಧ್ಯಾಹ್ನ ಶ್ರೀವಾಣಿ ಮ್ಯಾನೇಜರ್ ಕೋಣೆಗೆ ಹೋಗಿ ಪತ್ರವನ್ನು ಟೇಬಲ್ಲಿನ ಮೇಲೆ ಹಿಂದಕ್ಕಿಟ್ಟಳು. ತೊಂಬತ್ತು ಸಾವಿರ ನೆನಪಿಸಿಕೊಂಡಳು. ಮಾತು ಬಂತು.

"ಸಾರ್, ನನಗೆ ಈಗಿರೋ ಕೆಲಸವೇ ಸಾಕು. ಇನ್ಮೇಲೆ ಓಟಿನೂ ಮಾಡಲ್ಲ."

ಮುರಳಿಮೋಹನ್ ಕನ್ನಡಕ ತೆಗೆದ. ಒಳ್ಳೆಯ ಮನುಷ್ಯನೇ. "ಮನೇಲೇನಾದ್ರೂ ತೊಂದರೆನಾಮ್ಮ?"

"ಇಲ್ಲ ಸಾರ್."

"ಬೇರೆ ಕಂಪ್ನಿ ಕರೆದ್ರಾ?"

"ಇಲ್ಲ ಸಾರ್. ದಿನಾ ಎಂಟು ಗಂಟೆ ಚೆನ್ನಾಗಿ ಕೆಲಸ ಮಾಡ್ತೀನಿ. ಅಷ್ಟೇ."

"ಓಟಿ ದುಡ್ಡು ಬಿಟ್ಟು ಹೆಂಗೆ ನಡೆಸ್ತೀಯ?"

"ಓಟಿಯಿಂದ ಮೂರು ಸಾವಿರದ ಚಿಲ್ಲರೆ ಬರ್ತಿತ್ತು. ಮಹಡಿ ಕಟ್ಟೋಕೆ ಅಂತ ಹಾಕ್ತಿದ್ದ ಚೀಟಿ ತಿಂಗಳಿಗೆ ಮೂರು ಸಾವಿರ, ಅದು ಈ ತಿಂಗಳಿಗೆ ಮುಗೀತು. ಮಹಡಿ ಇಲ್ಲದಿದ್ರೆ ಓಟಿನೂ ಬೇಕಾಗಿಲ್ಲ ಸಾರ್."

ಅವನು ಅವಳನ್ನು ಹೊಸದಾಗಿ ನೋಡುವವನಂತೆ ನೋಡಿದ. "ಸರಿ, ಉಳಿದ ಟೈಮಲ್ಲಿ ಏನ್ ಮಾಡ್ತೀಯ? ಹಸು ಕಟ್ತೀಯಾ? ಟೈಲರಿಂಗಾ?"

"ಕೂತ್ಕೋತೀನಿ ಸಾರ್."

ಮುರಳಿಮೋಹನ್ ಮಿಕ್ಕ ಮಾತಿಗೆ ಕಾದ. ಮಿಕ್ಕ ಮಾತು ಇರಲಿಲ್ಲ.

"ಸಾಯಂಕಾಲ ಮನೆ ಮುಂದೆ ಕೂತ್ಕೋತೀನಿ," ಎಂದು ಅವಳೇ ಇನ್ನೊಂದು ಸಲ ಬಿಡಿಸಿ ಹೇಳಿದಳು.

ಅವನು ನಗಲು ಹೋಗಿ ನಗಲಿಲ್ಲ. ಪತ್ರವನ್ನು ಡ್ರಾಯರಿನಲ್ಲಿ ಹಾಕಿಕೊಂಡು, ಬೇರೆಯವರಿಗೆ ಕೊಡ್ತೀವಿ ಹಾಗಾದ್ರೆ, ಎಂದ. ಅಷ್ಟಕ್ಕೇ ಮುಗಿಯಿತು. ಒಂದು ವಾರದಿಂದ ಅನ್ನ ಸೇರದ ಹಾಗೆ ಮಾಡಿದ್ದ ವಿಷಯ ಐದು ನಿಮಿಷದಲ್ಲಿ ಮುಗಿದುಹೋದದ್ದು ಕಂಡು ಶ್ರೀವಾಣಿಗೆ ಸ್ವಲ್ಪ ಬೇಜಾರೇ ಆಯಿತು.

ಐದೂಕಾಲಿಗೆ ಬಸ್ಸು ಅವಳನ್ನು ಟೇಕಲ್ಲಿನಲ್ಲಿ ಇಳಿಸಿತು. ಬೆಟ್ಟದ ಬಂಡೆಗಳ ಮೇಲೆ ಇನ್ನೂ ಬಿಸಿಲಿತ್ತು. ಮನೆಯ ಜಗಲಿಯ ಮೇಲೆ ಕದಿರಮ್ಮ ನೆನೆಸಿದ ಅವರೆಕಾಳಿನ ಪಾತ್ರೆ ಇಟ್ಟುಕೊಂಡು ಒಂದೊಂದೇ ಕಾಳನ್ನು ಬೆರಳಲ್ಲಿ ಹಿತುಕಿ ಸಿಪ್ಪೆ ಬಿಡಿಸುತ್ತಿದ್ದಳು. ಸೊಸೆಯನ್ನು ಕಂಡು ಆಕೆಯ ಕೈ ನಿಂತಿತು. ನಿನ್ನೆಯಿಂದ ಇಬ್ಬರೂ ಮಾತಾಡಿರಲಿಲ್ಲ.

"ಏನಾಯ್ತೇ? ಕೆಲಸದಿಂದ ತೆಗೆದ್ರಾ?"

"ಇಲ್ಲ ಅತ್ತೆ. ಪಾಳಿ ಮುಗೀತು."

"ಇಷ್ಟೊತ್ತಿಗೇ?"

"ಯಾವಾಗ್ಲೂ ಇಷ್ಟೊತ್ತಿಗೇ ಮುಗೀತಿತ್ತು. ನಾನು ಬರ್ತಿರಲಿಲ್ಲ."

ಓಟಿ ಇಲ್ಲದ ದಿನಗಳಲ್ಲೂ ಅವಳು ಸಂಘ, ಚೀಟಿ, ರೇಷನ್ ಅಂಗಡಿ ಅಂತ ಸುತ್ತಿ ಕತ್ತಲಾದ ಮೇಲೆಯೇ ಬರುತ್ತಿದ್ದಳು. ಶ್ರೀವಾಣಿ ಬ್ಯಾಗು ಇಳಿಸಿ ಅತ್ತೆಯ ಪಕ್ಕ ಜಗಲಿಯ ಮೇಲೆ ಕೂತಳು. ಅಭ್ಯಾಸಬಲದಿಂದ ಕೈ ಪಾತ್ರೆಗೆ ಹೋಯಿತು. ವಾಪಸು ತೆಗೆದುಕೊಂಡಳು.

"ಸೈನು ಹಾಕಿದೆಯಾ?" ಕದಿರಮ್ಮ ಕೇಳಿದಳು.

"ಇಲ್ಲ."

ಕದಿರಮ್ಮ ನಾಲ್ಕೈದು ಕಾಳು ಹಿತುಕಿದಳು. ಸಿಟ್ಟು ಬರುತ್ತದೆಂದು, ತೆಲುಗು ಬರುತ್ತದೆಂದು ಶ್ರೀವಾಣಿ ಕಾದಳು. ಬರಲಿಲ್ಲ.

"ಮಾಡಲ್ಲ ಅಂದಾಗ ಅವನೇನಂದ?"

"ಬೇರೆಯವರಿಗೆ ಕೊಡ್ತೀವಿ ಅಂದ್ರು."

"ಬೈಲಿಲ್ವಾ?"

"ಇಲ್ಲ."

"ನಾಳೆಯಿಂದ ಬರಬೇಡ ಅನ್ನಲಿಲ್ವಾ?"

"ಇಲ್ಲ ಅತ್ತೆ. ಅಂದಿದ್ರೂ ಆರು ತಿಂಗಳಿಗೆ ಆಗೋಷ್ಟು ಪೋಸ್ಟಾಫೀಸಲ್ಲಿ ಇಟ್ಟಿದ್ದೀನಿ. ನಿಮಗೆ ಹೇಳಿರಲಿಲ್ಲ."

ಇದಕ್ಕಾದರೂ ಜಗಳವಾಗಬಹುದು ಎಂದುಕೊಂಡಳು. ಕದಿರಮ್ಮ ಆ ಪೋಸ್ಟಾಫೀಸಿನ ದುಡ್ಡು ಎಷ್ಟೆಂದು ಕೂಡ ಕೇಳಲಿಲ್ಲ. ಸೊಸೆಯ ಮುಖವನ್ನೇ ನೋಡುತ್ತಿದ್ದಳು, ಅಂಗಡಿಯಲ್ಲಿ ಬಟ್ಟೆಯ ಬಣ್ಣ ನಿಲ್ಲುತ್ತದೋ ಇಲ್ಲವೋ ಎಂದು ನೋಡುವ ಹಾಗೆ.

ಅಷ್ಟರಲ್ಲಿ ಬೈಕಿನಲ್ಲಿ ಮೇಸ್ತ್ರಿ ವೆಂಕಟ್ ಬಂದ. ಸೊಂಟದಲ್ಲಿ ಅಳತೆ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು. ಜಗಲಿಯ ಪಕ್ಕದ ಜಾಗವನ್ನು ಕಣ್ಣಲ್ಲೇ ಅಳೆದು, "ಮೆಟ್ಲು ಇತ್ಲಾಗೇ ತಾನೇ ಅಮ್ಮ? ಬೆಳಕಿರುವಾಗ್ಲೇ ಅಳತೆ ತಗೊಂಬಿಡ್ತೀನಿ," ಎಂದ.

ಶ್ರೀವಾಣಿ ಅತ್ತೆಯ ಕಡೆ ತಿರುಗಿದಳು. ತಾನು ಸಹಿ ಹಾಕದಿದ್ದರೇನು, ಮನೆ ಅತ್ತೆಯದು, ಹೆಬ್ಬೆಟ್ಟು ಅತ್ತೆಯದು. ಬೇಕಾದರೆ ಮನೆಯನ್ನೇ ಒತ್ತೆಯಿಟ್ಟಾದರೂ ಆಕೆ ಕಟ್ಟಿಸಬಲ್ಲಳು. ಆಮೇಲೆ ಕಂತು ಕಟ್ಟುವವರು ಯಾರೆಂದು ಬೇರೆ ಹೇಳಬೇಕೇ? ತನ್ನ ಮಾತು ತಾನು ಆಡಿಯಾಗಿತ್ತು.

ಕದಿರಮ್ಮ ಕೈಯಲ್ಲಿದ್ದ ಹಿಡಿ ಕಾಳು ಮುಗಿಯುವವರೆಗೂ ಹಿತುಕಿದಳು.

"ವೆಂಕಟ್, ಕಾಫಿ ಕುಡ್ಕೊಂಡು ಹೋಗಪ್ಪ. ಮಹಡಿ ಕಟ್ಟಲ್ಲ."

"ಈ ವರ್ಷ ಬೇಡ್ವಾ ಅಮ್ಮ?"

"ಯಾವ ವರ್ಷನೂ ಇಲ್ಲ."

ವೆಂಕಟ್ ಅತ್ತೆಯ ಮುಖ ಒಮ್ಮೆ, ಸೊಸೆಯ ಮುಖ ಒಮ್ಮೆ ನೋಡಿದ. ಕಾಫಿ ಬೇಡವೆಂದು ಬೈಕು ಹತ್ತಿಕೊಂಡು ಹೋದ. ಬೈಕಿನ ಸದ್ದು ರಸ್ತೆಯ ತಿರುವಿನಲ್ಲಿ ಅಡಗುವವರೆಗೂ ಅತ್ತೆ ಸೊಸೆ ಇಬ್ಬರೂ ಅತ್ತಲೇ ನೋಡುತ್ತ ಕೂತರು.

"ಅತ್ತೆ, ನಿಮಗೆ ಜನ ಮನೆಗೆ ಬರಬೇಕಲ್ವಾ," ಎಂದಳು ಶ್ರೀವಾಣಿ. "ಒಂದು ಭಾನುವಾರ ಕರೆಯೋಣ. ಇದೇ ಹಿತಕಿದ ಬೇಳೆ ಸಾರು, ಮುದ್ದೆ. ಯಾರೂ ಒಂದು ರೂಪಾಯಿ ತರಬಾರದು ಅಂತ ಹೇಳಿ ಕರೆಯೋಣ. ಭಾನುವಾರ ನಾನೀಗ ಮನೇಲಿರ್ತೀನಿ."

ಕದಿರಮ್ಮ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡಳು. ಬೆನ್ನನ್ನು ಗೋಡೆಗೆ ಕೊಟ್ಟು ಕಾಲು ಚಾಚಿದಳು. ಆಕೆ ಹಗಲು ಹೊತ್ತಿನಲ್ಲಿ ಕಾಲು ಚಾಚಿ ಕೂತದ್ದನ್ನು ಶ್ರೀವಾಣಿ ಇದುವರೆಗೆ ನೋಡಿರಲಿಲ್ಲ.

"ಮಾಲೂರು ರಸ್ತೇಲಿ ಇಟ್ಟಿಗೆ ಗೂಡಿತ್ತು," ಎಂದಳು ಕದಿರಮ್ಮ. "ಹದಿನಾಲ್ಕು ವರ್ಷ ತಲೆ ಮೇಲೆ ಇಟ್ಟಿಗೆ ಹೊತ್ತೆ. ಸಾಯಂಕಾಲ ಒಂದು ಲಾರಿ ತುಂಬಿಸಿದ ಮೇಲೆ ನಮ್ಮ ಕೆಲಸ ಮುಗೀತಿತ್ತು. ಆಮೇಲೆ ಎರಡನೇ ಲಾರಿ ಬರ್ತಿತ್ತು. ಕದಿರಮ್ಮ ಗಟ್ಟಿಗಿತ್ತಿ, ನಿಂತ್ಕೋ ಅಂತಿದ್ದ ಗೂಡಿನ ಯಜಮಾನ. ನಿಂತ್ಕೋತಿದ್ದೆ. ಮುನೇಶ ಪಕ್ಕದ ಮನೆ ಶಾಮಲಮ್ಮನ ತೊಡೆ ಮೇಲೆ ಮಲಗಿರ್ತಿದ್ದ. ದಿನಾ ನಿದ್ದೇಲೇ ಎತ್ಕೊಂಡು ಬರ್ತಿದ್ದೆ."

ಶ್ರೀವಾಣಿ ತಾನೂ ಗೋಡೆಗೆ ಒರಗಿ ಕೂತಳು.

"ಆಗಲ್ಲ ಅನ್ನಬಹುದು ಅಂತ," ಕದಿರಮ್ಮ ರಸ್ತೆಯ ಕಡೆಗೇ ನೋಡುತ್ತ ಎಂದಳು, "ನನಗೆ ಯಾರೂ ಹೇಳಲೇ ಇಲ್ಲ ಕಣೇ."